ತೆಂಕನ್ ಅಂದರೆ ತೆಂಕಲ್ಲ

ಮೊದಲ ದಿನ ಗುರುಗಳು “ತೆಂಕನ್!” ಎಂದ ಕೂಡಲೇ ನಾವು ಎಂಟೂ ಜನ ತೆಂಕು ದಿಕ್ಕಿಗೆ ತಿರುಗಿ ನಿಂತೆವು.

ಎಲ್ಲರಿಗಿಂತ ಮೊದಲು ತಿರುಗಿದವಳು ನಾನೇ. ಗೊತ್ತಿರುವ ಪ್ರಶ್ನೆಗೆ ಕೈ ಎತ್ತುವ ಚಟ ನನಗೆ ಶಾಲೆಯಿಂದಲೂ ಇದೆ, ಐವತ್ತೈದಾದರೂ ಹೋಗಿಲ್ಲ. ಅದೂ ಅಲ್ಲದೆ ಇದರಲ್ಲಿ ನಮ್ಮ ತಪ್ಪೇನೂ ಇಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ನಮ್ಮ ಕಡೆ ಎಡ ಬಲಕ್ಕಿಂತ ತೆಂಕು ಬಡಗು ದಿಕ್ಕುಗಳಿಗೆ, ಅಂದರೆ ದಕ್ಷಿಣ ಉತ್ತರಕ್ಕೆ, ಮರ್ಯಾದೆ ಜಾಸ್ತಿ. ಬೆಂಚಿನಲ್ಲಿ ಕೂತವರಿಗೆ ಸ್ವಲ್ಪ ಮೂಡಕ್ಕೆ ಸರಿಯಿರಿ ಎನ್ನುತ್ತೇವೆ, ಸಕ್ಕರೆ ಡಬ್ಬಿ ಪಡುಬದಿಯ ಕಪಾಟಿನಲ್ಲಿದೆ ಎನ್ನುತ್ತೇವೆ. ಹಾಗಿರುವಾಗ ಒಬ್ಬರು ಕೈ ಬೀಸಿ “ತೆಂಕನ್” ಎಂದರೆ ಯಾರಾದರೂ ಬಡಗಿಗೆ ತಿರುಗುತ್ತಾರೆಯೇ?

ಗುರುಗಳಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಅವರು ನೆಲ್ಯಾಡಿಯವರು, ಮನೆಮಾತು ಮಲಯಾಳ. ಬೆಳಗಿನ ಹೊತ್ತು ತಮ್ಮದೇ ತೋಟದ ರಬ್ಬರ್ ಟ್ಯಾಪಿಂಗ್ ಮಾಡಿ, ವಾರಕ್ಕೆ ಎರಡು ಸಂಜೆ ಕಡಬಕ್ಕೆ ಬಂದು ಐಕಿಡೊ ಎಂಬ ಜಪಾನಿನ ಸ್ವರಕ್ಷಣೆಯ ವಿದ್ಯೆ ಕಲಿಸುತ್ತಾರೆ. ಯಾವುದೋ ಹೊರದೇಶದಲ್ಲಿ ಹೋಟೆಲ್ ಕೆಲಸದಲ್ಲಿದ್ದಾಗ ಹನ್ನೆರಡು ವರ್ಷ ಕಲಿತದ್ದಂತೆ. ಎಂಟು ಜನರ ಬೆನ್ನು ನೋಡುತ್ತ ನಿಂತವರು ಕೇಳಿದರು.

“ಅಲ್ಲಿ ಎಂತ ಉಂಟು?”

“ನೀವೇ ಹೇಳಿದ್ದಲ್ವಾ ಸರ್, ತೆಂಕು ಅಂತ,” ಎಂದೆ ನಾನು.

ಅವರು ನಕ್ಕು ನಕ್ಕು ಮ್ಯಾಟಿನ ಮೇಲೆ ಕೂತೇಬಿಟ್ಟರು. ತೆಂಕನ್ ಎಂದರೆ ಜಪಾನಿನ ಮಾತಿನಲ್ಲಿ ತಿರುಗುವುದು. ಬರೀ ತಿರುಗುವುದಲ್ಲ. ಎದುರಿನವನು ನಮ್ಮ ಕೈ ಹಿಡಿದರೆ ಎಳೆದಾಡದೆ, ಒಂದು ಹೆಜ್ಜೆ ಮುಂದಿಟ್ಟು ಹಿಮ್ಮಡಿಯ ಬದಿಗೆ ಸುತ್ತಿ, ಅವನ ಪಕ್ಕದಲ್ಲೇ ಹೋಗಿ ನಿಲ್ಲುವುದು. ಆಗ ಅವನು ಯಾವ ಕಡೆ ನೋಡುತ್ತಿದ್ದಾನೋ ನಾವೂ ಆ ಕಡೆಗೇ ನೋಡುತ್ತಿರುತ್ತೇವೆ. ಇಷ್ಟನ್ನು ಅವರು ಮಾಡಿ ತೋರಿಸಿದರು.

ಆದರೆ ನಾನು ಅದನ್ನು ಸರಿಯಾಗಿ ನೋಡಲಿಲ್ಲ. ತೆಂಕು ಗೋಡೆಯಲ್ಲಿ ಒಂದು ದೊಡ್ಡ ಕಿಟಕಿ. ಅದರಾಚೆ ಪೇಟೆಯ ರಸ್ತೆ, ರಸ್ತೆಯಾಚೆ ಹಸಿರು ಬೋರ್ಡಿನ ಟೈಲರ್ ಅಂಗಡಿ. ಶಟರ್ ಅರ್ಧ ಎಳೆದಿತ್ತು. ಅಂಗಡಿ ಕಂಡದ್ದೇ ನನ್ನ ನಗು ನಿಂತಿತು. ಮೆಲ್ಲಗೆ ಕತ್ತು ತಿರುಗಿಸಿ ನೋಡಿದರೆ ಆ ಅಂಗಡಿಯ ಒಡತಿ ನನ್ನಿಂದ ಮೂರಡಿ ದೂರದಲ್ಲಿ, ನನ್ನ ಹಾಗೆಯೇ ತೆಂಕು ಮುಖ ಮಾಡಿ ನಿಂತಿದ್ದಳು. ನಾನು ತಡವಾಗಿ ಬಂದು ಯಾರ ಮುಖವನ್ನೂ ನೋಡದೆ ಸಾಲಿನ ಕೊನೆಗೆ ಸೇರಿದ್ದರಿಂದ ನನಗೆ ಅಷ್ಟು ಹೊತ್ತು ಗೊತ್ತಾಗಿರಲಿಲ್ಲ. ನಾವಿಬ್ಬರು ಮಾತು ಬಿಟ್ಟು ಏಳು ವರ್ಷವಾಗಿತ್ತು.

ನಾನು ಅಲ್ಲಿಗೆ ಹೋದದ್ದು ಯಾಕೆ ಎಂದು ಮೊದಲು ಹೇಳಬೇಕು. ನನ್ನ ಕೆಲಸ ಹಾಲಿನ ಸೊಸೈಟಿಯಲ್ಲಿ. ಬೆಳಿಗ್ಗೆ ಬರುವ ಹಾಲನ್ನು ಅಳೆಯುವುದು, ನೀರು ಬೆರೆತಿದೆಯೇ ಎಂದು ಪರೀಕ್ಷೆ ಮಾಡುವುದು, ಬೆರೆತಿದ್ದರೆ ಜಗಳ ಮಾಡುವುದು. ಮೂರನೆಯದಕ್ಕೆ ಸಂಬಳ ಇಲ್ಲ, ನಾನು ಪ್ರೀತಿಯಿಂದ ಮಾಡುತ್ತಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲಿದೆ ಎಂದು ಮನೆಯವರು ಹೇಳುತ್ತಾರೆ. ಆ ಕೋಪದ ಜೊತೆ ಬಿ.ಪಿ. ಬಂತು, ಬಿ.ಪಿ.ಯ ಜೊತೆ ನಿದ್ದೆ ಹೋಯಿತು. ಒಂದು ಮಳೆಗಾಲ ಸೊಸೈಟಿಯ ಒದ್ದೆ ಸಿಮೆಂಟಿನ ಮೇಲೆ ಜಾರಿ ಬಿದ್ದೆ. ಮೂಳೆಗೆ ಏನೂ ಆಗಲಿಲ್ಲ, ಆದರೆ ನಾನಾಗಿ ಏಳಲು ಆಗಲಿಲ್ಲ. ಹಾಲು ತಂದ ಇಬ್ಬರು ನನ್ನನ್ನು ಕ್ಯಾನ್ ಎತ್ತುವ ಹಾಗೆ ಎರಡು ಬದಿ ಹಿಡಿದು ಎತ್ತಿದರು. ಆ ಇಬ್ಬರಲ್ಲಿ ಒಬ್ಬರಿಗೆ ಅರ್ಧ ಗಂಟೆ ಮೊದಲಷ್ಟೇ ನೀರಿನ ವಿಷಯದಲ್ಲಿ ಬಾಯಿಗೆ ಬಂದಂತೆ ಅಂದಿದ್ದೆ.

ಅಂದಿನಿಂದ ನೆಲ ನೋಡಿಯೇ ನಡೆಯುವವಳಾದೆ. ಅಂಗಳದಲ್ಲಿ ಪಾಚಿ ಕಂಡರೆ ಸಾಕು, ಕಾಲು ಮರಗಟ್ಟುತ್ತಿತ್ತು. ಸವಣೂರು ದಾರಿಯಾಗಿ ಬಸ್ಸು ಹಿಡಿದು ಪುತ್ತೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದಾಗ ಅವರು ಮಾತ್ರೆ ಬರೆದು, “ಹೆದರಿ ಹೆದರಿ ನಡೆದ್ರೆ ಬೀಳುದು ಇನ್ನೂ ಜಾಸ್ತಿ ಅಮ್ಮಾ. ಎಂತಾದ್ರೂ ವ್ಯಾಯಾಮ ಮಾಡಿ,” ಎಂದರು. ಅದೇ ವಾರ ಮೆಡಿಕಲ್ಲಿನ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿದ್ದನ್ನು ಕಂಡೆ. ಐಕಿಡೊ, ಎಲ್ಲ ವಯಸ್ಸಿನವರಿಗೆ, ಬೀಳುವುದನ್ನು ಮೊದಲು ಕಲಿಸಲಾಗುವುದು. ಆ ಕೊನೆಯ ಸಾಲು ನನಗೆಂದೇ ಬರೆದಂತಿತ್ತು. ಮನೆಯಲ್ಲಿ ಹೇಳಿದರೆ ಗಂಡ ಪೇಪರಿನಿಂದ ಮುಖ ಎತ್ತಲೂ ಇಲ್ಲ.

“ನಿನಗೆ ಜಗಳ ಕಲಿಸ್ಲಿಕ್ಕೆ ಮಾಸ್ಟ್ರು ಬೇರೆ ಬೇಕಾ?”

ಕ್ಲಾಸು ಇದ್ದದ್ದು ಪೇಟೆಯ ಒಂದು ಹಳೇ ಕಟ್ಟಡದ ಮಾಳಿಗೆಯಲ್ಲಿ, ಹತ್ತುವ ಮೆಟ್ಟಿಲು ಹಿಂದಿನ ಓಣಿಯಲ್ಲಿ. ಮೊದಲು ಅಲ್ಲಿ ರಬ್ಬರ್ ಶೀಟುಗಳನ್ನು ರಾಶಿ ಹಾಕುತ್ತಿದ್ದರು. ಹೊಗೆ ಹಿಡಿದ ಶೀಟಿನ ವಾಸನೆ ಗೋಡೆಗಳನ್ನು ಇನ್ನೂ ಬಿಟ್ಟಿರಲಿಲ್ಲ. ಆರು ಗಂಡಸರು, ಇಬ್ಬರು ಹೆಂಗಸರು. ಇದು ಒಬ್ಬರೇ ಮಾಡುವ ವ್ಯಾಯಾಮವಲ್ಲ. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ತಿರುಗಬೇಕು, ಹಿಡಿದವರು ಬೀಳಬೇಕು, ಆಮೇಲೆ ಅದಲು ಬದಲು. ಗುರುಗಳು ಜೋಡಿ ಮಾಡುತ್ತ ಬಂದು, ಲೋಕದಲ್ಲಿ ಇದಕ್ಕಿಂತ ಸುಲಭದ ಲೆಕ್ಕ ಇಲ್ಲ ಎನ್ನುವಂತೆ ಹೇಳಿದರು.

“ಲೇಡೀಸ್ ಇಬ್ಬರು ಆ ಮೂಲೆಯಲ್ಲಿ.”

ಅವಳು ಆಗ ಅವರಿಗೆ ತನ್ನ ತೊಂದರೆ ಹೇಳಿದಳು. ನನಗೆ ಹೇಳಿದ್ದಲ್ಲ, ಆದರೆ ಪಕ್ಕದಲ್ಲೇ ಇದ್ದುದರಿಂದ ಕೇಳಿಸಿತು.

“ನನಗೆ ಬಲಗೈ ಎದೆಯಿಂದ ಮೇಲೆ ಹೋಗುದಿಲ್ಲ ಸರ್. ತಲೆ ಬಾಚ್ಲಿಕ್ಕೆ ಸಹ ಆಗುದಿಲ್ಲ. ಡಾಕ್ಟ್ರು ಕೈ ಆಡಿಸ್ತಾ ಇರಿ ಅಂದಿದ್ದಾರೆ. ಈಗ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚುದು. ಹೀಗೇ ಆದ್ರೆ ಪೂರಾ ಮುಚ್ಚುದೇ.”

ಶಟರ್ ಅರ್ಧ ಎಳೆದಿದ್ದು ಯಾಕೆಂದು ನನಗೆ ಆಗ ತಿಳಿಯಿತು.

ನಾವಿಬ್ಬರೂ ಸುಳ್ಯದ ಕಡೆಯವರು. ಕಲ್ಲುಗುಂಡಿಯ ಹತ್ತಿರ ಹುಟ್ಟಿ, ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ನನ್ನ ಮನೆಮಾತು ಅರೆಭಾಷೆ, ಅವಳದು ಬ್ಯಾರಿ, ನಮ್ಮಿಬ್ಬರ ನಡುವೆ ಮಾತ್ರ ಶಾಲೆಯ ಕನ್ನಡ. ಎರಡು ವರ್ಷಗಳ ಅಂತರದಲ್ಲಿ ಇಬ್ಬರೂ ಮದುವೆಯಾಗಿ ಕಡಬಕ್ಕೆ ಬಂದೆವು. ತವರಿನವರು ಯಾರೂ ಇಲ್ಲದ ಪೇಟೆಯಲ್ಲಿ ನನಗೆ ಅವಳೇ ತವರು. ನನ್ನ ಮದುವೆಯ ನಂತರ ನಾನು ತೊಟ್ಟ ಒಂದೊಂದು ರವಿಕೆಯೂ ಅವಳ ಕೈಯದೇ. ದಪ್ಪವಾದರೆ ಬಿಚ್ಚಿ ಕೊಡುತ್ತಿದ್ದಳು, ಬಿಚ್ಚುತ್ತ ಬೈಯುತ್ತಿದ್ದಳು.

ಮಗಳ ಮದುವೆಗೆ ಧಾರೆಸೀರೆಯ ರವಿಕೆಯನ್ನು ಅವಳಲ್ಲದೆ ಬೇರೆ ಯಾರು ಹೊಲಿಯಬೇಕು? ಮಗಳು ಆಗ ಮಂಗಳೂರಿನಲ್ಲಿದ್ದಳು. ಅಳತೆಗೆಂದು ಅವಳ ಒಂದು ಹಳೆಯ ರವಿಕೆಯನ್ನು ಕಪಾಟಿನಿಂದ ತೆಗೆದು ಬಟ್ಟೆಯ ಜೊತೆ ಕೊಟ್ಟೆ. ನಮ್ಮಲ್ಲಿ ಎಲ್ಲರೂ ಹಾಗೆಯೇ ಕೊಡುವುದು, ಸರಿಯಾಗಿ ಕೂರುವ ಒಂದು ರವಿಕೆ ಕೊಟ್ಟರೆ ಟೇಪು ಹಿಡಿಯುವ ಕೆಲಸ ಉಳಿಯುತ್ತದೆ. ಮದುವೆಯ ಮುಂಚಿನ ದಿನ ಮಗಳು ತೊಟ್ಟು ನೋಡಿದರೆ ಹುಕ್ಕು ಸೇರಲೇ ಇಲ್ಲ. ಎರಡು ಬೆರಳು ಬಿಗಿ.

ಮದುವೆ ಮನೆಯ ಕೆಲಸ, ನೆಂಟರು, ಬಾರದ ಹೂವಿನವ, ಎಲ್ಲದರ ಕೋಪ ಆ ಒಂದು ರವಿಕೆಯ ಮೇಲೆ ಬಂತು. ಅಂಗಡಿಗೆ ಹೋದೆ. ನಾಲ್ಕು ಜನ ಗಿರಾಕಿಗಳಿದ್ದರು. ರವಿಕೆಯನ್ನು ಅವಳ ಮೇಜಿನ ಮೇಲೆ ಎಸೆದೆ.

“ನಿಮಗೆ ಹೊಲಿಲಿಕ್ಕೆ ಬರುದಿಲ್ಲಾದ್ರೆ ಮೊದ್ಲೇ ಹೇಳ್ಬೇಕಿತ್ತು. ಬೇರೆ ಕಡೆ ಕೊಡ್ತಿದ್ದೆವು.”

ಎಸೆದದ್ದಕ್ಕಿಂತ ಆ ‘ನಿಮಗೆ’ ದೊಡ್ಡದು. ಮೂವತ್ತೈದು ವರ್ಷ ನೀನು, ನಿನಗೆ, ನಿನ್ನ ತಲೆ ಎಂದು ಮಾತಾಡಿಕೊಂಡು ಬಂದವಳಿಗೆ ನಾನು ಅಂದು ಬಹುವಚನ ಕೊಟ್ಟೆ. ಅದು ಬಾಯಿ ತಪ್ಪಿ ಬಂದದ್ದಲ್ಲ, ಎಲ್ಲಿ ತಾಗುತ್ತದೆ ಎಂದು ತಿಳಿದೇ ಹೇಳಿದ್ದು. ಅವಳು ನನ್ನ ಮುಖವನ್ನು ಒಂದು ಸಲ ನೋಡಿದಳು. ಒಂದು ಮಾತೂ ಆಡದೆ ರವಿಕೆ ಎತ್ತಿಕೊಂಡು ಹೊಲಿಗೆ ಬಿಚ್ಚಲು ತೊಡಗಿದಳು. ಸಂಜೆಗೆ ರವಿಕೆ ಮನೆಗೆ ಬಂತು, ಮಗಳಿಗೆ ಅಚ್ಚು ಹೊಯ್ದಂತೆ ಕೂತಿತು. ಮದುವೆಗೆ ಅವಳು ಬರಲಿಲ್ಲ.

ಮದುವೆಯಾಗಿ ಒಂದು ತಿಂಗಳ ಮೇಲೆ ಕಪಾಟು ಜೋಡಿಸುವಾಗ ಮಗಳ ನಿಜವಾದ ಅಳತೆ ರವಿಕೆ ಸಿಕ್ಕಿತು. ನಾನು ಕೊಟ್ಟದ್ದು ಅದರ ಜೊತೆಯದು, ಒಂದೇ ಬಟ್ಟೆಯಲ್ಲಿ ತಂಗಿಯ ಮಗಳಿಗೆ ಹೊಲಿಸಿದ್ದು. ಆ ಹುಡುಗಿ ಗಾಳಿಗೆ ಹಾರುವಷ್ಟು ತೆಳ್ಳಗೆ. ತಪ್ಪು ನನ್ನದು ಎಂದು ಆ ಕ್ಷಣವೇ ತಿಳಿಯಿತು. ಹೋಗಿ ಹೇಳಬೇಕಿತ್ತು. ನಾಳೆ ಹೋಗುತ್ತೇನೆ ಎಂದುಕೊಂಡೆ, ನಾಡಿದ್ದು ಎಂದುಕೊಂಡೆ. ಆಮೇಲೆ ಹೇಳದೆ ಇದ್ದದ್ದೇ ಇನ್ನೊಂದು ತಪ್ಪಾಗಿ ಬೆಳೆಯಿತು. ಕೊನೆಗೆ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟೆ. ಸಣ್ಣ ಪೇಟೆಯಲ್ಲಿ ಒಂದು ರಸ್ತೆ ಬಿಟ್ಟು ಬದುಕುವುದು ಎಷ್ಟು ಕಷ್ಟ ಎಂದು ಬಿಟ್ಟವರಿಗೇ ಗೊತ್ತು.

ಈಗ ಅವಳ ಮಣಿಕಟ್ಟನ್ನು ನಾನು ಹಿಡಿಯಬೇಕಿತ್ತು.

ನಮ್ಮ ಕಡೆಯ ಕನ್ನಡದಲ್ಲಿ ಮಾತು ಬಿಟ್ಟವರಿಗೆಂದೇ ಒಂದು ಸೌಕರ್ಯವಿದೆ. “ಎಲ್ಲಿಗೆ ಹೋಗುದು?” ಎಂದು ಕೇಳಿದರೆ ಸಾಕು. ಹೋಗುವವರು ನೀನೋ ನೀವೋ ಎಂದು ತೀರ್ಮಾನಿಸುವ ಕಷ್ಟ ಇಲ್ಲ. ಮಾಡುದು, ಹೋಗುದು, ಬರುದು. ಕೆಲಸ ಇದೆ, ಮಾಡುವವರು ಯಾರೂ ಇಲ್ಲ. ಆ ಸೌಕರ್ಯವನ್ನು ನಾವಿಬ್ಬರೂ ಮೊದಲ ದಿನದಿಂದಲೇ ಉಪಯೋಗಿಸಿಕೊಂಡೆವು.

“ಇನ್ನು ಎಡಗೈ ಹಿಡಿಯುದು,” ಎಂದು ಅವಳು ಕಿಟಕಿಗೆ ಹೇಳುತ್ತಿದ್ದಳು.

“ಮೊದಲು ಕಾಲು ಮುಂದೆ ಇಡುದು,” ಎಂದು ನಾನು ಮ್ಯಾಟಿಗೆ ಹೇಳುತ್ತಿದ್ದೆ.

ಹೀಗೆ ಎರಡು ತಿಂಗಳು ಕ್ರಿಯಾಪದಗಳಲ್ಲೇ ದಾಟಿದೆವು. ಉಳಿದ ಜೋಡಿಗಳು ಬಿದ್ದು ಎದ್ದು ನಗುತ್ತಿದ್ದರೆ ನಮ್ಮ ಮೂಲೆಯಲ್ಲಿ ಬ್ಯಾಂಕಿನ ಶಿಸ್ತು. ಗುರುಗಳು ಬಂದು ನನ್ನ ಹಿಡಿತ ನೋಡಿ ತಲೆ ಅಲ್ಲಾಡಿಸುತ್ತಿದ್ದರು.

“ಇದು ಹಿಡಿದದ್ದಲ್ಲ, ಮುಟ್ಟಿದ್ದು. ಸರಿ ಹಿಡೀರಿ. ನೀವು ಸುಳ್ಳು ಹಿಡಿದ್ರೆ ಅವರು ಎಂತ ಕಲಿಯುದು?”

ಸುಳ್ಳು ಹಿಡಿಯುವುದು ಎಂಬ ಮಾತು ಮನೆಗೆ ಬಂದ ಮೇಲೂ ಕಿವಿಯಲ್ಲಿತ್ತು.

ಆದರೂ ದೇಹ ತನ್ನ ಪಾಡಿಗೆ ಕಲಿಯುತ್ತ ಹೋಯಿತು. ಬೀಳುವುದು ಎಂದರೆ ಕುಸಿಯುವುದಲ್ಲ ಎಂದು ತಿಳಿಯಿತು. ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಮೊದಲು ಕೂತು ಆಮೇಲೆ ಉರುಳುವುದು. ತಲೆ ನೆಲಕ್ಕೆ ತಾಗಬಾರದು, ಉಸಿರು ಕಟ್ಟಬಾರದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಮೀಸೆಯೇ ಇಲ್ಲದ ನನಗೆ ಆ ಚಿಂತೆಯೂ ಇರಲಿಲ್ಲ. ಒಂದು ಸಂಜೆಗೆ ಮೂವತ್ತು ಸಲ ಬಿದ್ದು ಮೂವತ್ತು ಸಲ ಏಳುತ್ತಿದ್ದೆ. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತವಳು ಮೊಣಕಾಲಿಗೆ ಕೈ ಊರದೆ ಎದ್ದೆ. ಎದ್ದ ಮೇಲೆ ಗೊತ್ತಾಯಿತು. ನಂಬಿಕೆ ಬಾರದೆ ಮತ್ತೊಮ್ಮೆ ಕೂತು ಎದ್ದೆ. ಅಂಗಳಕ್ಕೆ ಇಳಿಯುವಾಗ ಕಣ್ಣು ಪಾಚಿಯ ಮೇಲೆ ಇರುವ ಬದಲು ಗೇಟಿನ ಮೇಲೆ ಇರತೊಡಗಿತು. ಕ್ಲಾಸಿದ್ದ ದಿನ ತಲೆ ದಿಂಬಿಗೆ ಇಟ್ಟರೆ ಸಾಕು, ನಿದ್ದೆ. ಬಿ.ಪಿ. ಮಾತ್ರೆ ನಿಲ್ಲಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಡಾಕ್ಟರು ಬಿ.ಪಿ. ನೋಡಿ ತೋಳಿನ ಪಟ್ಟಿ ಬಿಚ್ಚಿ, “ಎಂತ ಮಾಡ್ತಿದ್ದೀರೋ ಅದನ್ನೇ ಮಾಡಿ,” ಎಂದರು.

ಸೊಸೈಟಿಯಲ್ಲೂ ಏನೋ ಆಗಿತ್ತು. ಒಬ್ಬ ಅಜ್ಜನ ಹಾಲು ಯಾವಾಗಲೂ ತೆಳ್ಳಗೆ. ಮೊದಲಾದರೆ ಅವರು ಮೆಟ್ಟಿಲು ಹತ್ತುವಾಗಲೇ ನನ್ನ ರಕ್ತ ಹತ್ತುತ್ತಿತ್ತು. ಒಂದು ದಿನ ಅವರು “ಎಂತ, ಇವತ್ತೂ ನೀರಾ?” ಎಂದು ಜಗಳಕ್ಕೆ ತಯಾರಾಗಿ ನಿಂತಾಗ ನಾನು ಮೇಜು ಸುತ್ತಿ ಅವರ ಪಕ್ಕಕ್ಕೆ ಹೋಗಿ, ಅವರ ಜೊತೆಗೇ ಮೀಟರನ್ನು ನೋಡಿದೆ.

“ದನ ನೀರು ಜಾಸ್ತಿ ಕುಡಿದದ್ದಾ ಅಜ್ಜ?”

ಅವರು ನನ್ನನ್ನು ನೋಡಿದರು, ಮೀಟರನ್ನು ನೋಡಿದರು, ಬೊಚ್ಚು ಬಾಯಿ ಬಿಟ್ಟು ನಕ್ಕರು. ಮರುದಿನ ಹಾಲು ದಪ್ಪ ಇತ್ತು. ಅದರ ಮರುದಿನ ಮತ್ತೆ ತೆಳ್ಳಗಾಯಿತು, ಅದು ಬೇರೆ ಮಾತು.

ನನ್ನ ದೇಹದ ಸುದ್ದಿಗಿಂತ ಅವಳ ಕೈಯ ಸುದ್ದಿ ನನಗೆ ಹೆಚ್ಚು ಗೊತ್ತಿತ್ತು. ಕೈ ಹಿಡಿಯುವವರಿಗೆ ಗೊತ್ತಾಗುವಷ್ಟು ಡಾಕ್ಟರಿಗೂ ಗೊತ್ತಾಗುವುದಿಲ್ಲ. ಮೊದಲ ವಾರ ಅವಳ ಬಲಗೈ ನನ್ನ ಎದೆಯ ಎತ್ತರಕ್ಕೆ ಬಂದು ನಡುಗಿ ನಿಲ್ಲುತ್ತಿತ್ತು. ಆಮೇಲೆ ಭುಜದವರೆಗೆ. ಒಂದು ಸಂಜೆ ಕಿವಿಯವರೆಗೆ ಬಂತು, ಅವಳು ಹಲ್ಲು ಕಚ್ಚಿದ್ದು ನನ್ನ ಬೆರಳಿಗೆ ತಿಳಿಯಿತು. ಹೇಗಿದೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕಿಟಕಿಯಾಚೆ ಶಟರು ಮಾತ್ರ ಮೊದಲಿಗಿಂತ ಒಂದು ಗೇಣು ಮೇಲೆ ಹೋಗಿತ್ತು.

ಅಷ್ಟರಲ್ಲಿ ನಾನು ಎರಡು ವಾರ ತಪ್ಪಿಸಿದೆ. ಪುತ್ತೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ ಎಂಬುದು ನೆಪ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ವಾರಕ್ಕೆ ಎರಡು ಸಲ ನನ್ನ ತಪ್ಪಿನ ಮಣಿಕಟ್ಟು ಹಿಡಿದು ನಿಲ್ಲುವುದು ಸುಲಭವಲ್ಲ. ಮೊಣಕಾಲು ಸರಿಯಾಯಿತು, ನಿದ್ದೆ ಬಂತು, ಇನ್ನು ಬಿಡಬಹುದು ಎಂದು ಲೆಕ್ಕ ಹಾಕಿದ್ದೆ. ಕೊನೆಗೆ ಗುರುಗಳಿಗೆ ಹೇಳಿ ಬಿಡುವುದು ಮರ್ಯಾದೆ ಎಂದು ಒಂದು ಸಂಜೆ ಮಾಳಿಗೆ ಹತ್ತಿದೆ. ಅವಳು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದಳು.

“ನೀವು ಬಾರದ ದಿನ ಎಲ್ಲ ಇವರು ಬಂದು ಸುಮ್ಮನೆ ಕೂತು ಹೋದದ್ದು,” ಎಂದರು ಗುರುಗಳು. “ಗಂಡಸರೊಟ್ಟಿಗೆ ಮಾಡುದು ಬೇಡ ಅಂದ್ರು. ನಾನು ಒತ್ತಾಯ ಮಾಡ್ಲಿಲ್ಲ.”

ಬಿಡುವ ಮಾತು ಎತ್ತದೆ ಚಪ್ಪಲಿ ಕಳಚಿದೆ. ಮ್ಯಾಟಿಗೆ ಇಳಿದು ಕೈ ಹಿಡಿದರೆ ಅವಳ ತೋಳು ಮತ್ತೆ ಎದೆಯ ಮಟ್ಟಕ್ಕೇ ಬಂದು ನಿಂತಿತು. ಎರಡೇ ವಾರದಲ್ಲಿ ಎರಡು ತಿಂಗಳ ಕೆಲಸ ಇಳಿದು ಹೋಗಿತ್ತು. ನನಗೆ ಬಹಳ ನಾಚಿಕೆಯಾಯಿತು. ಅಂಗಡಿ ಮುಚ್ಚಿದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ ಎಂದು ಅನಿಸಿತು. ಆಮೇಲೆ ಜ್ವರ ಬಂದರೂ ನಾನು ಕ್ಲಾಸು ತಪ್ಪಿಸಲಿಲ್ಲ. ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲದವಳು ಕೈ ಹಿಡಿದಾದರೂ ನಿಲ್ಲಬೇಕು ಎಂದು ನಿರ್ಧರಿಸಿದೆ. ಗಟ್ಟಿಯಾಗಿ ಹಿಡಿಯತೊಡಗಿದ್ದು ಆಗಿನಿಂದ.

ಮಳೆ ಮುಗಿದ ಮೇಲೆ ಗುರುಗಳು ಎಲ್ಲರೂ ಒಂದೇ ರೀತಿಯ ಬಿಳಿ ಅಂಗಿ, ಬಿಳಿ ಪೈಜಾಮ ಹಾಕಬೇಕು ಎಂದರು. ಹೊರಗಿನಿಂದ ತರಿಸುವುದಕ್ಕಿಂತ ನಮ್ಮಲ್ಲೇ ಟೈಲರ್ ಇದ್ದಾರಲ್ಲ ಎಂದು ಅವಳ ಕಡೆ ನೋಡಿದರು. ಅವಳು ಒಪ್ಪಿದಳು. ಗಂಡಸರು ಒಬ್ಬೊಬ್ಬರಾಗಿ, ಅಳತೆಗೆ ಮನೆಯಿಂದ ಒಂದು ಅಂಗಿ ತಂದು ಕೊಡುತ್ತೇವೆ ಎಂದರು. ಆಗಲಿ ಎಂದಳು. ಆ ಧೈರ್ಯದಲ್ಲಿ ನಾನೂ ಬಾಯಿ ಬಿಟ್ಟೆ.

“ಮುಂದಿನ ಕ್ಲಾಸಿಗೆ ಒಂದು ಹಳೇ ಕುರ್ತ ತರುದಾ?”

ಅವಳು ಚೀಲದಿಂದ ಟೇಪು ತೆಗೆದಳು.

“ಈ ಅಳತೆಗೆ ಮಾತ್ರ ಬಟ್ಟೆ ತರುದು ಬೇಡ. ಟೇಪಿನಲ್ಲೇ ತೆಗೆಯುದು.”

ಅಷ್ಟೇ. ಮುಖದಲ್ಲಿ ನಗು ಇಲ್ಲ, ಕೋಪವೂ ಇಲ್ಲ. ನನ್ನ ಭುಜಕ್ಕೆ, ಎದೆಗೆ, ತೋಳಿಗೆ ಟೇಪು ಸುತ್ತಿ ಅಂಕಿಗಳನ್ನು ತನ್ನಷ್ಟಕ್ಕೆ ಹೇಳಿಕೊಂಡು ಬರೆದುಕೊಂಡಳು. ಅವಳಿಗೆ ಗೊತ್ತಿತ್ತು. ಅಳತೆ ರವಿಕೆ ತಪ್ಪು ಎಂದು ಅವಳಿಗೆ ಗೊತ್ತಿತ್ತು. ಯಾವಾಗಿನಿಂದ? ಗೊತ್ತಿದ್ದೂ ಆ ನಾಲ್ಕು ಗಿರಾಕಿಗಳ ಎದುರು ಯಾಕೆ ಸುಮ್ಮನಿದ್ದಳು? ಆ ವಾರ ಕ್ಲಾಸಿದ್ದ ದಿನವೂ ನನಗೆ ನಿದ್ದೆ ಬರಲಿಲ್ಲ.

ಬಿಳಿ ಅಂಗಿ ಬಂದದ್ದು ದೀಪಾವಳಿಯ ಸುಮಾರಿಗೆ. ತೊಟ್ಟು ನೋಡಿದರೆ ಭುಜ, ತೋಳು, ಎಲ್ಲ ನನ್ನದೇ. ಎಂಟೂ ಜನ ಹೊಸ ಬಟ್ಟೆಯಲ್ಲಿ ಹೈಸ್ಕೂಲಿನ ಡ್ರಿಲ್ಲಿಗೆ ನಿಂತವರ ಹಾಗೆ ಸಾಲಾಗಿ ನಿಂತೆವು. ಅವಳು ಬಿಳಿ ಶಾಲನ್ನು ಗದ್ದದ ಕೆಳಗೆ ಪಿನ್ನು ಹಾಕಿ ಬಿಗಿದುಕೊಂಡಿದ್ದಳು. ಗುರುಗಳು ಅಂದು ಹೊಸ ಪಾಠ ಹೇಳಿದರು. ಕೈ ಹಿಡಿಯುವ ಬದಲು ಎದುರಿನವರ ನೆತ್ತಿಗೆ ಮೇಲಿನಿಂದ ಹೊಡೆಯಬೇಕು. ಹೊಡೆತ ಬರುವಾಗ ಓಡಬಾರದು, ತಡೆಯಬಾರದು. ಒಳಗೆ ಹೋಗಿ, ತಿರುಗಿ, ಪಕ್ಕದಲ್ಲಿ ನಿಲ್ಲಬೇಕು.

“ಹೊಡೆಯುವವರು ನಿಜವಾಗಿ ಹೊಡೀಬೇಕು,” ಎಂದರು. “ಪ್ರೀತಿ ಉಂಟಾದ್ರೆ ಸರಿ ಹೊಡೀರಿ.”

ಮೊದಲ ಸರದಿ ಅವಳದು. ಬಲಗೈ ಎತ್ತಿದಳು. ಎದೆ ದಾಟಿತು, ಭುಜ ದಾಟಿತು, ಕಿವಿ ದಾಟಿತು. ಕೈ ನೆಟ್ಟಗೆ ತಲೆಯ ಮೇಲೆ ಹೋಗಿ ನಿಂತಿತು. ಬೆರಳುಗಳು ಮೇಲೆ, ಹಂಚಿನ ಮಾಡಿನ ಕಡೆ. ಅವಳ ಕಣ್ಣಿಗೂ ನಂಬಿಕೆ ಬಂದಿರಲಿಲ್ಲ. ಒಂದು ಕ್ಷಣ ಆ ಕೈಯನ್ನು ಹಾಗೇ ಹಿಡಿದು ನಿಂತವಳು, ಮರುಕ್ಷಣ ನನ್ನ ನೆತ್ತಿಯನ್ನೇ ನೋಡಿ ಹೊಡೆದಳು. ಸುಳ್ಳು ಹೊಡೆತವಲ್ಲ. ಏಳು ವರ್ಷಗಳ ಸಿಟ್ಟು ಅದರಲ್ಲಿ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಕಾಲು ತಾನಾಗಿ ಮುಂದೆ ಹೋಯಿತು. ತಿರುಗಿದೆ. ಅವಳ ಕೈ ಗಾಳಿ ಸೀಳಿ ಕೆಳಗೆ ಬರುವಾಗ ನನ್ನ ಅಂಗೈ ಅದರ ಮೇಲೆ ಕೂತಿತ್ತು, ನಾನು ಅವಳ ಪಕ್ಕದಲ್ಲಿದ್ದೆ. ಭುಜಕ್ಕೆ ಭುಜ. ಇಬ್ಬರ ಮುಖವೂ ತೆಂಕಿಗೆ. ಕಿಟಕಿಯಾಚೆ ಹಸಿರು ಬೋರ್ಡು. ಕ್ಲಾಸು ಮುಗಿದ ಮೇಲೆ ಮತ್ತೆ ಕೂರಲೆಂದು ಅವಳು ಅಂಗಡಿಯ ಶಟರನ್ನು ಪೂರಾ ಮೇಲೆ ಬಿಟ್ಟೇ ಬಂದಿದ್ದಳು, ಒಳಗಿನ ಮೇಜು ಕಾಣುತ್ತಿತ್ತು. ನಾನು ರವಿಕೆ ಎಸೆದ ಮೇಜು ಅದೇ. ಅಂದು ಅದನ್ನು ನಾನು ಗಿರಾಕಿಯ ಬದಿಯಿಂದ ಮಾತ್ರ ನೋಡಿದ್ದೆ.

ಎದುರುಬದುರು ನಿಂತಿದ್ದರೆ ಆ ಮಾತು ಇನ್ನೂ ಏಳು ವರ್ಷ ಹೊರಡುತ್ತಿರಲಿಲ್ಲ. ಮುಖ ನೋಡಬೇಕಾಗಿರಲಿಲ್ಲವಾದ್ದರಿಂದ ಹೊರಟಿತು.

“ಆ ಅಳತೆ ರವಿಕೆ ತಪ್ಪು ಕೊಟ್ಟದ್ದು ನಾನು,” ಎಂದೆ. “ತಂಗಿಯ ಮಗಳದ್ದು. ತಿಂಗಳ ಮೇಲೆ ಗೊತ್ತಾಯ್ತು. ಬಂದು ಹೇಳ್ಲಿಲ್ಲ.”

ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

“ಗೊತ್ತುಂಟು.”

“ಯಾವಾಗ ಗೊತ್ತಾದದ್ದು?”

“ಕತ್ತರಿಸುವಾಗಲೇ ಅನುಮಾನ ಬಂದಿತ್ತು. ಮದುವೆ ಅವಸರದಲ್ಲಿ ಯಾವುದೋ ಒಂದು ಎಳೆದು ಕೊಟ್ಟಿರ್ತಾಳೆ ಅಂತ. ಅದಕ್ಕೇ ಒಳಗೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಟ್ಟದ್ದು. ಇಲ್ಲಾದ್ರೆ ಒಂದು ಸಂಜೆಯಲ್ಲಿ ಹೇಗೆ ಸರಿಯಾಗ್ತಿತ್ತು?”

ನನ್ನ ಕಣ್ಣು ತುಂಬಿ ಹಸಿರು ಬೋರ್ಡು ಕಲಸಿಹೋಯಿತು. ಅಚ್ಚು ಹೊಯ್ದಂತೆ ಕೂತ ಆ ರವಿಕೆಯನ್ನು ಮದುವೆಯ ಎಲ್ಲ ಫೋಟೋಗಳಲ್ಲೂ ನೋಡಿದ್ದೇನೆ. ಆ ಬಟ್ಟೆ ಎಲ್ಲಿಂದ ಬಂತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

“ಮತ್ತೆ ಆವತ್ತು ಹೇಳ್ಬೇಕಿತ್ತಲ್ಲ ಮಾರಾಯ್ತಿ. ಅಷ್ಟು ಜನರ ಎದುರು ನನ್ನ ಮುಖಕ್ಕೇ ಹೇಳ್ಬೇಕಿತ್ತು. ಎಂತಕ್ಕೆ ಸುಮ್ಮನಿದ್ದದ್ದು?”

ಅವಳು ಆಗ ನನ್ನ ಕಡೆ ತಿರುಗಿದಳು.

“ನೀನು ‘ನಿಮಗೆ’ ಅಂದಿ. ‘ನಿನಗೆ’ ಅಂದಿದ್ರೆ ಆ ರವಿಕೆಯನ್ನೇ ತೆಗೆದು ನಿನ್ನ ತಲೆ ಮೇಲೆ ಹಾಕ್ತಿದ್ದೆ. ‘ನೀವು’ ಅಂದವರ ಹತ್ತಿರ ಎಂತ ಜಗಳ ಮಾಡುದು?”

ನಾನು ಅತ್ತೆ. ಅವಳ ಮಣಿಕಟ್ಟಿನ ಮೇಲಿದ್ದ ಕೈಯನ್ನು ತೆಗೆಯಲೂ ಇಲ್ಲ. ಉಳಿದ ಆರು ಜನ ಧಡ್ ಧಡ್ ಎಂದು ಬೀಳುತ್ತಿದ್ದರು. ಬಡಗು ಗೋಡೆಯ ಬಳಿಯಿಂದ ಗುರುಗಳು ಕೂಗಿದರು.

“ಲೇಡೀಸ್, ತೆಂಕನ್ ಅಂದ್ರೆ ತೆಂಕು ನೋಡಿ ನಿಲ್ಲುದಲ್ಲ! ಬದಲಾಯಿಸಿ! ಹೊಡೆಯುದು ಸಾಕು, ಇನ್ನು ಮೊದಲಿನ ಹಾಗೆ ಕೈ ಹಿಡೀರಿ!”

ಬಿಳಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡೆ. ತೋಳಿನ ಅಂಚು ಬೆರಳಿಗೆ ದಪ್ಪಗೆ ತಾಗಿತು. ತಿರುಗಿಸಿ ನೋಡಿದರೆ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಹೊಲಿದಿತ್ತು. ಟೇಪು ಹಿಡಿದು ಅಳೆದ ಮೇಲೂ ಬಿಟ್ಟಿದ್ದಳು.

ಈಗ ಹಿಡಿಯುವ ಸರದಿ ನನ್ನದು. ಅವಳು ಕಾಲು ಅಗಲಿಸಿ ನಿಂತು ಬಲಗೈಯನ್ನು ನನ್ನ ಮುಂದೆ ಚಾಚಿದಳು. ಹಿಡಿಯುದು ಎನ್ನಲಿಲ್ಲ.

“ಹಿಡಿ,” ಎಂದಳು. “ಗಟ್ಟಿ ಹಿಡಿ.”